ಸೀಟು ಹಿಡಿಯುವ ಪುಸ್ತಕ

ನಂಜನಗೂಡಿನ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ಹತ್ತುವುದು ಬೇರೆ, ಸೀಟು ಹಿಡಿಯುವುದು ಬೇರೆ. ಹತ್ತುವುದಕ್ಕೆ ಗಟ್ಟಿ ಕಾಲಿದ್ದರೆ ಸಾಕು. ಸೀಟು ಹಿಡಿಯುವುದಕ್ಕೆ ಕೈಯಲ್ಲಿ ಗುರಿ ಇರಬೇಕು. ತೊಂಬತ್ತರ ದಶಕ ಮುಗಿಯುತ್ತಿದ್ದ ಆ ದಿನಗಳಲ್ಲಿ ಟಿ. ನರಸೀಪುರದ ಬೆಳಗಿನ ಬಸ್ಸು ಮೂಲೆ ತಿರುಗಿ ಬರುತ್ತಿದ್ದಂತೆ, ಇನ್ನೂ ನಿಲ್ಲುವ ಮೊದಲೇ, ಕರ್ಚೀಫು, ಟವೆಲ್ಲು, ಊಟದ ಬಾಕ್ಸು, ಛತ್ರಿ, ಬಾಳೆಹಣ್ಣಿನ ಚಿಪ್ಪು, ಕೈಗೆ ಸಿಕ್ಕಿದ್ದೆಲ್ಲ ಕಿಟಕಿಗಳಿಂದ ಒಳಕ್ಕೆ ಹಾರುತ್ತಿತ್ತು. ಯಾರ ವಸ್ತು ಯಾವ ಸೀಟಿನ ಮೇಲೆ ಬಿತ್ತೋ ಆ ಸೀಟು ಅವರದು. ಒಮ್ಮೆ ಒಬ್ಬಾಕೆ ಹೆತ್ತ ಮಗುವನ್ನೇ ಕಿಟಕಿಯಿಂದ ತೂರಿಸಿ ಕೂರಿಸಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಮಗು ಅಳಲಿಲ್ಲ. ಅದಕ್ಕೂ ರೂಢಿಯಾಗಿತ್ತು ಅಂತ ಕಾಣುತ್ತದೆ.

ನಾನು ಈ ವಿದ್ಯೆಯಲ್ಲಿ ಶುದ್ಧ ದಡ್ಡಿ. ಮದುವೆಯಾಗಿ ಬಂದದ್ದು ನಂಜನಗೂಡಿಗೆ, ಕನ್ನಡ ಪಾಠ ಹೇಳುತ್ತಿದ್ದದ್ದು ಟಿ. ನರಸೀಪುರದ ಒಂದು ಹೈಸ್ಕೂಲಿನಲ್ಲಿ, ಹಾಗಾಗಿ ದಿನಾ ಓಡಾಟ. ನಾನು ಎಸೆದ ಕರ್ಚೀಫು ಒಂದೋ ಡ್ರೈವರನ ತಲೆಯ ಮೇಲೆ ಬೀಳುತ್ತಿತ್ತು, ಇಲ್ಲವೇ ಸರಿಯಾಗಿ ಸೀಟಿಗೇ ಬಿದ್ದರೂ ನಾನು ಹತ್ತುವಷ್ಟರಲ್ಲಿ ಯಾರೋ ಅದನ್ನು ಕೆಳಕ್ಕೆ ತಳ್ಳಿ, ಅದರ ಮೇಲೆ ಚಪ್ಪಲಿಯ ಗುರುತು ಬೇರೆ ಒತ್ತಿ, ಏನೂ ಅರಿಯದವರಂತೆ ಕಿಟಕಿಯಾಚೆ ನೋಡುತ್ತಾ ಕೂತಿರುತ್ತಿದ್ದರು. "ಇದು ನಾನು ಹಿಡಿದ ಸೀಟು" ಅಂದರೆ "ನಿಮ್ ಹೆಸರು ಬರ್ದದಾ ಮೇಡಂ?" ಅನ್ನುತ್ತಿದ್ದರು. ಸಂಜೆ ಮನೆಗೆ ಬಂದು ಗೊಣಗಿದರೆ ನಮ್ಮ ಯಜಮಾನರು, "ಬಸ್ಸಲ್ಲಿ ಜಗಳ ಆಡೋಕೆ ಬರಲ್ಲ, ಮನೇಲಿ ಮಾತ್ರ ಚೆನ್ನಾಗಿ ಆಡ್ತೀಯ" ಎಂದು ಪೇಪರಿನ ಹಿಂದೆ ಅಡಗಿಕೊಳ್ಳುತ್ತಿದ್ದರು.

ಒಂದು ಬೆಳಗ್ಗೆ ಬಸ್ಸು ಹತ್ತಿ ನೋಡುತ್ತೇನೆ, ಕಾಲಿಡಲು ಜಾಗವಿಲ್ಲದಷ್ಟು ಜನ, ಆದರೆ ಮುಂದುಗಡೆ ಇಬ್ಬರು ಕೂರುವ ಒಂದು ಸೀಟು ಪೂರ್ತಿ ಖಾಲಿ. ಅದರ ನಟ್ಟನಡುವೆ ಒಂದು ದಪ್ಪ ಪುಸ್ತಕ. ಕಂದು ಕಾಗದದ ಹೊದಿಕೆ, ನಾಲ್ಕು ಮೂಲೆಗೂ ಅರಿಸಿನ, ಮಧ್ಯೆ ಕುಂಕುಮದ ಬೊಟ್ಟು, ಮೇಲುಗಡೆ ಬಾಲ್‌ಪೆನ್ನಿನಲ್ಲಿ ಬರೆದ "ಶ್ರೀ". ಸುತ್ತ ಐದಾರು ಜನ ಕಂಬಿ ಹಿಡಿದು ಜೋಲುತ್ತಿದ್ದಾರೆ, ಒಬ್ಬರೂ ಕೂರುತ್ತಿಲ್ಲ. ಹೆಗಲ ಮೇಲೆ ಟವೆಲ್ಲು ಹಾಕಿದ್ದ ಒಬ್ಬ ದಾಂಡಿಗ ಮುಂದೆ ಬಂದ, ಪುಸ್ತಕ ನೋಡಿದ, ಅವನ ಪಂಚೆಯ ಅಂಚು ಅದಕ್ಕೆ ತಾಗಿತು. ತಕ್ಷಣ ಪುಸ್ತಕ ಮುಟ್ಟಿ ಕಣ್ಣಿಗೊತ್ತಿಕೊಂಡು ಹಿಂದಕ್ಕೆ ಸರಿದುಬಿಟ್ಟ.

ಎಲ್ಲರೂ ಹತ್ತಿದ ಮೇಲೆ, ರಾಣಿ ಬಂದಂತೆ ನಿಧಾನವಾಗಿ, ಬಿಳಿ ಸೀರೆಯ ಒಬ್ಬ ನರ್ಸು ಬಂದರು. ಟಿ. ನರಸೀಪುರದ ಆಸ್ಪತ್ರೆಯಲ್ಲಿ ಕೆಲಸ, ಬಸ್ಸಿನವರಿಗೆಲ್ಲ ಅವರು "ಸಿಸ್ಟರ್". ಐವತ್ತರ ಹತ್ತಿರದ ವಯಸ್ಸು, ತೂಕದ ಆಳು, ಮಂಡಿನೋವು. ಪುಸ್ತಕ ಎತ್ತಿಕೊಂಡು ಕಿಟಕಿ ಪಕ್ಕ ಕೂತು ನನ್ನ ಕಡೆ ತಿರುಗಿದರು.

"ಕೂತ್ಕಳಿ ಮೇಡಮ್ಮ. ನನ್ ಒಬ್ಳಿಗೆ ಎರಡು ಸೀಟ್ ಯಾಕೆ. ಒಂದೂವರೆ ಸಾಕು."

ಉಳಿದ ಅರ್ಧ ಸೀಟಿನಲ್ಲಿ ನಾನು ಕೂತೆ. ಅಂದಿನಿಂದ ಅದು ನನ್ನ ಕಾಯಂ ಜಾಗವಾಯಿತು.

"ಕರ್ಚೀಫ್ ಆಕಿದ್ರೆ ತಗ್ದು ಬಿಸಾಕ್ತಾರೆ," ಎಂದು ಎರಡನೆಯ ದಿನವೇ ಸಿಸ್ಟರ್ ಗುಟ್ಟು ಬಿಟ್ಟುಕೊಟ್ಟರು. "ಊಟದ್ ಬಾಕ್ಸ್ ಆಕಿದ್ರೆ ಬಾಕ್ಸೇ ಇರಲ್ಲ. ಪುಸ್ತಕ ಅಂದ್ರೆ ಸರಸ್ವತಿ ಅಲ್ವಾ? ಅದ್ರ ಮೇಲೆ ಕುಂಡಿ ಊರಕ್ಕೆ ಯಾವನ್ಗೂ ಧೈರ್ಯ ಬರಲ್ಲ. ಕದಿಯಕ್ಕೂ ಯಾರೂ ಬರಲ್ಲ. ಓದೋರ್ ಯಾರವ್ರೆ ಈಗ?"

"ಇದು ಯಾವ ಗ್ರಂಥ ಸಿಸ್ಟರ್?"

"ಯಾವ್ದೋ ಒಂದು," ಅಂದು ಕಣ್ಣು ಮುಚ್ಚಿದರು. ಬಸ್ಸು ಹೊರಟರೆ ಸಾಕು, ಅವರಿಗೆ ನಿದ್ದೆ.

ಇಲ್ಲಿ ನನ್ನ ಕಾಯಿಲೆಯ ವಿಷಯ ಹೇಳಿಬಿಡಬೇಕು. ತವರಿನಲ್ಲಿ ನನಗೆ ಓದಿನ ಹುಚ್ಚು. ಕೈಯಲ್ಲಿ ಕಾದಂಬರಿ ಹಿಡಿದು ಸಾರಿಗೆ ಎರಡು ಸಲ ಉಪ್ಪು ಹಾಕಿದವಳು, ಅಂಗಡಿಯಿಂದ ಬೆಲ್ಲ ಕಟ್ಟಿಸಿಕೊಂಡು ಬಂದ ಕಾಗದವನ್ನೂ ಬಿಡಿಸಿ ಓದಿ ಇರುವೆ ಕಚ್ಚಿಸಿಕೊಂಡವಳು. ಅಂಥವಳು ಕನ್ನಡ ಟೀಚರ್ ಆದೆ. ಹಾಲಿಗೆ ಹುಳಿ ಹಿಂಡಿದ ಹಾಗಾಯಿತು. ವರ್ಷಗಟ್ಟಲೆ ಕೆಂಪು ಪೆನ್ನು ಹಿಡಿದೂ ಹಿಡಿದೂ, ಯಾವ ಪುಸ್ತಕ ತೆಗೆದರೂ ಅದರೊಳಗಿಂದ ಪ್ರಶ್ನೆಪತ್ರಿಕೆ ಎದ್ದು ಬರತೊಡಗಿತು. ಕಥಾನಾಯಕಿ "ನಾನಿನ್ನು ಬರುವುದಿಲ್ಲ" ಎಂದು ಬಿಕ್ಕಿದರೆ ನನಗೆ ಅಳು ಬರುತ್ತಿರಲಿಲ್ಲ. ಈ ಮಾತನ್ನು ಯಾರು ಯಾರಿಗೆ ಹೇಳಿದರು, ಸಂದರ್ಭದೊಡನೆ ವಿವರಿಸಿ, ಮೂರು ಅಂಕ, ಎಂದು ಬರುತ್ತಿತ್ತು. ಮದುವೆಯ ಕರೆಯೋಲೆ ಬಂದರೆ ಸಂಧಿ ಬಿಡಿಸುತ್ತಿದ್ದೆ. ಹೀಗಾಗಿ ಓದುವುದನ್ನೇ ಬಿಟ್ಟೆ. ಬಿಟ್ಟದ್ದು ಯಾರಿಗೂ ಗೊತ್ತಿರಲಿಲ್ಲ. ಸ್ಟಾಫ್ ರೂಮಿನಲ್ಲಿ ಎಲ್ಲರೂ ನನ್ನನ್ನು ದೊಡ್ಡ ಓದುಗಾರ್ತಿಯೆಂದು ನಂಬಿದ್ದರು, ನಾನೂ ತಲೆಯಾಡಿಸುತ್ತಿದ್ದೆ. ಒಳಗೆ ಮಾತ್ರ ಏನೋ ಕಳಕೊಂಡ ಸಂಕಟ.

ಸಿಸ್ಟರ್ ಗೊರಕೆ ಶುರುಮಾಡಿದ ಒಂದು ದಿನ, ಮಾಡಲು ಬೇರೆ ಕೆಲಸವಿಲ್ಲದೆ, ಅವರ ತೊಡೆಯ ಮೇಲಿಂದ ಆ ಗ್ರಂಥವನ್ನು ಮೆಲ್ಲಗೆ ಎತ್ತಿಕೊಂಡೆ. ಯಾವುದೋ ಪುರಾಣ, ಎರಡು ಪುಟ ಓದಿದರೆ ಪುಣ್ಯವಾದರೂ ಬರಲಿ ಅಂದುಕೊಂಡು ನಡುವೆ ತೆರೆದೆ. ಒಬ್ಬ ಹೆಂಗಸು ಗುರುಗ್ರಹದ ಆಚೆ ಎಲ್ಲೋ, ಒಂದು ನೌಕೆಯಲ್ಲಿ, ಮೂರು ದಿನದಿಂದ ಕೆಟ್ಟು ನಿಂತ ಗಾಳಿಯ ಯಂತ್ರವನ್ನು ಬಿಚ್ಚಿ ಕೂತಿದ್ದಾಳೆ. ಒಳಗೆ ನಲವತ್ತು ಜನ ಇದ್ದಾರೆ. ಉಸಿರಾಡುವುದಕ್ಕೆ ಗಾಳಿ ಸಂಜೆಯವರೆಗೆ ಮಾತ್ರ.

ನಾನು ಹೊದಿಕೆ ತಿರುಗಿಸಿ ಮತ್ತೆ "ಶ್ರೀ" ನೋಡಿದೆ. ಕಂದು ಕಾಗದದ ಅಂಚು ಸರಿಸಿದರೆ ಒಳಗೆ ಹಳದಿ ರಾಕೆಟ್ಟಿನ ಬಾಲ ಕಾಣುತ್ತಿತ್ತು. ಕೆಳಗೆ "ಮೂರನೆಯ ಭಾಗ" ಎಂದಿತ್ತು. ನಗು ತಡೆಯಲಾಗದೆ ಸೆರಗು ಬಾಯಿಗೆ ತುರುಕಿಕೊಂಡೆ. ಆಮೇಲೆ ಗಾಳಿಯ ಯಂತ್ರ ಏನಾಯಿತು ಎಂದು ನೋಡಲು ಪುಟ ತಿರುಗಿಸಿದೆ. ಟಿ. ನರಸೀಪುರ ಬಂದದ್ದು ತಿಳಿಯಲಿಲ್ಲ. "ಇಳೀರಿ ಮೇಡಮ್ಮ, ಬಸ್ ಈಗ ವಾಪಸ್ ಓಯ್ತದೆ" ಎಂದು ಸಿಸ್ಟರ್ ಭುಜ ಅಲ್ಲಾಡಿಸಿದಾಗಲೇ ತಲೆಯೆತ್ತಿದೆ. ಇಳಿದು ಸ್ಕೂಲಿನ ಕಡೆ ನಡೆಯುವಾಗ ಹೊಳೆಯಿತು, ಅಷ್ಟೂ ಪುಟದಲ್ಲಿ ಒಂದೇ ಒಂದು ಪ್ರಶ್ನೆಯೂ ನನ್ನ ತಲೆಯಲ್ಲಿ ಎದ್ದಿರಲಿಲ್ಲ. ಇದನ್ನು ಯಾವ ಇಲಾಖೆಯೂ ಯಾವ ಜನ್ಮದಲ್ಲೂ ಪಠ್ಯ ಮಾಡುವುದಿಲ್ಲ ಎಂಬ ಭರವಸೆಯೇ ಅದಕ್ಕೆ ಕಾರಣವಿರಬೇಕು. ಖುಷಿಗೆ ಆ ದಿನ ಒಂಬತ್ತನೇ ತರಗತಿಯ ಯಾರಿಗೂ ಬೈಯಲಿಲ್ಲ, ಮಕ್ಕಳು ನನಗೆ ಹುಷಾರಿಲ್ಲ ಅಂದುಕೊಂಡರು.

ಮನೆಗೆ ಕೊಡಿ, ರಾತ್ರಿ ಓದಿ ನಾಳೆ ತರುತ್ತೇನೆ ಎಂದು ಅಂಗಲಾಚಿದೆ.

"ಆಗಕಿಲ್ಲ. ನೀವ್ ನಾಳೆ ಮರ್ತು ಬಂದ್ರೆ ನನ್ ಮಂಡಿ ಗತಿ? ಓದದೇನಿದ್ರೂ ಬಸ್ಸಲ್ಲೇ."

ಒಟ್ಟು ಐದು ಭಾಗ ಇದ್ದವು. ಸಿಸ್ಟರ್ ಬೆಳಗ್ಗೆ ಕೈಗೆ ಯಾವುದು ಸಿಕ್ಕಿತೋ ಅದನ್ನು ತರುತ್ತಿದ್ದರು. ಹಾಗಾಗಿ ನಾನು ಮೂರನೆಯ ಭಾಗದ ನಡುವಿನಿಂದ ಒಂದಕ್ಕೆ ಹಾರಿ, ಅಲ್ಲಿಂದ ನಾಲ್ಕಕ್ಕೆ ಜಿಗಿದು, ಎರಡಕ್ಕೆ ಬಿದ್ದು ಓದಬೇಕಾಯಿತು. ಮೂರರಲ್ಲಿ ಸತ್ತಿದ್ದ ಅಡುಗೆಯವನು ಒಂದರಲ್ಲಿ ಎದ್ದು ಬಂದು ಉಪ್ಪಿಟ್ಟು ಕಲಸುತ್ತಿದ್ದ. ಕಥೆ ಇಷ್ಟು: ಭೂಮಿಯಲ್ಲಿ ನೀರು ಬತ್ತುತ್ತಿದೆ, ಬೇರೆ ನಕ್ಷತ್ರದ ಬಳಿ ನೀರಿರುವ ನೆಲ ಹುಡುಕಲು ನೌಕೆ ಹೊರಟಿದೆ. ಅದರ ಕ್ಯಾಪ್ಟನ್ ಒಬ್ಬ ಹೆಂಗಸು, ತಾಯಿಯನ್ನು ಊರಿನಲ್ಲಿ ಬಿಟ್ಟು, ವಾಪಸು ಬರುತ್ತೇನೆ ಎಂದು ಮಾತು ಕೊಟ್ಟು ಬಂದವಳು. ನಾಲ್ಕನೆಯ ಭಾಗದ ಕೊನೆಗೆ ನೌಕೆ ಮನೆಯ ಕಡೆ ತಿರುಗುತ್ತದೆ. ಹೋಗುವಷ್ಟರಲ್ಲಿ ತಾಯಿ ಇರುತ್ತಾಳೋ ಇಲ್ಲವೋ, ಅದು ಐದನೆಯ ಭಾಗಕ್ಕೆ ಬಿಟ್ಟ ಮಾತು.

ಇದನ್ನೆಲ್ಲ ಯಾರು ಕೊಂಡದ್ದು ಎಂದು ಕೇಳಿದ್ದಕ್ಕೆ ಸಿಸ್ಟರ್ ಕಿಟಕಿಯಾಚೆ ನೋಡುತ್ತಾ ಹೇಳಿದರು.

"ನಮ್ಮೆಜಮಾನ್ರು. ಓದೋ ಹುಚ್ಚು. ಮದ್ವೆ ಆದ್ ಮೇಲೂ ನನ್ ಮುಖಕ್ಕಿಂತ ಇವುಗಳ ಮುಖನೇ ಜಾಸ್ತಿ ನೋಡಿದ್ದು. ಓಗಿ ಎಂಟೊಂಬತ್ತು ವರ್ಷ ಆಯ್ತು ಕಣ್ ಮೇಡಮ್ಮ, ಎದೆನೋವು ಅಂದ್ರು, ಆಸ್ಪತ್ರೇಲಿ ಇರೋಳು ನಾನು, ನನ್ ಕೈಲೇ ಉಳೀಲಿಲ್ಲ. ಇದ್ದಾಗ ಒಂದ್ ದಿನನೂ ನಂಗೆ ಸೀಟ್ ಇಡ್ದು ಕೊಟ್ಟೋರಲ್ಲ. ಬಸ್ ಬಂದ್ರೂ ಓದ್ತಾ ನಿಂತಿರೋರು. ಈಗಾದ್ರೂ ಇಡ್ದು ಕೊಡ್ಲಿ ಅಂತ ದಿನಾ ಎತ್ತಿ ಬಿಸಾಕ್ತೀನಿ."

ನಾನು ಪುಸ್ತಕದ ಮೇಲಿನ ಕುಂಕುಮವನ್ನು ನೋಡುತ್ತಾ ಕೂತೆ. ಅಷ್ಟರಲ್ಲಿ ಅವರು ನಿದ್ದೆ ಹೋಗಿದ್ದರು.

ಆ ಕುಂಕುಮ ಒಂದು ಸೋಮವಾರ ನನ್ನನ್ನು ಪೇಚಿಗೆ ಸಿಕ್ಕಿಸಿತು. ಮುಡುಕುತೊರೆಯ ಶಿವನ ಬೆಟ್ಟಕ್ಕೆ ಹೊರಟಿದ್ದ ಒಬ್ಬ ಅಜ್ಜಿ ನಮ್ಮ ಕಾಲ ಬಳಿ ಗಂಟು ಇಟ್ಟುಕೊಂಡು ಕೂತಿದ್ದರು. ಪುಸ್ತಕ ಕಂಡು ಕೈಮುಗಿದು, "ಸ್ವಾಮಿ ವಾರ. ಒಸಿ ನಮ್ಗೂ ಕೇಳೋ ಅಂಗೆ ಓದವ್ವ" ಅಂದರು. ನಾನು ಸಿಸ್ಟರ್ ಮುಖ ನೋಡಿದೆ. ಸಿಸ್ಟರ್ ಕಣ್ಣು ಮುಚ್ಚಿಕೊಂಡೇ ತುಟಿ ಬಿಗಿ ಹಿಡಿದು ನಗುತ್ತಿದ್ದರು. ಬೇರೆ ದಾರಿ ಇರಲಿಲ್ಲ. ರಾಗವಾಗಿ ಶುರುಮಾಡಿದೆ. ಮೊದಲು ಏನೂ ಇರಲಿಲ್ಲ, ಕತ್ತಲೆ ಇತ್ತು, ಆ ಕತ್ತಲೆಯಲ್ಲಿ ಒಂದು ಬೆಳಕು ತೇಲುತ್ತಿತ್ತು, ಎಂದು ನೌಕೆಯ ದೀಪದ ವಿಷಯ ಓದಿದೆ. ಅಜ್ಜಿ "ಶಿವ ಶಿವ" ಅಂದರು. ಹಿಂದಿನ ಸೀಟಿನವರು ಮುಂದಕ್ಕೆ ಬಗ್ಗಿದರು. ಕಂಡಕ್ಟರ್ ಟಿಕೆಟ್ ಹರಿಯುವುದನ್ನು ನಿಲ್ಲಿಸಿದ. ಧೂಮಕೇತು ಬಂದು ಬಡಿಯುವ ಹೊತ್ತಿಗೆ ಸರಿಯಾಗಿ ನರಸೀಪುರ ಬಂತು. ಅಜ್ಜಿ ಇಳಿಯುತ್ತಾ ನನ್ನ ಕೈ ಹಿಡಿದು, "ಆ ತಾಯಿಗೆ ಏನೂ ಆಗಲ್ಲ ಅಲ್ವಾ?" ಎಂದು ಕೇಳಿದರು. ಏನೂ ಆಗಲ್ಲ ಅಂದೆ. ಅದು ಎರಡನೆಯ ಭಾಗ, ಕ್ಯಾಪ್ಟನ್ ನಾಲ್ಕರಲ್ಲೂ ಬದುಕಿದ್ದದ್ದನ್ನು ನಾನು ಆಗಲೇ ಓದಿದ್ದೆ.

ನಾಲ್ಕು ಭಾಗ ಮುಗಿದವು. ಐದನೆಯದು ಬರಲೇ ಇಲ್ಲ. ಒಂದು ವಾರ ಕಾದೆ, ಎರಡು ವಾರ ಕಾದೆ. ಸಿಸ್ಟರ್ ಅದದೇ ನಾಲ್ಕನ್ನು ತಿರುಗಿಸಿ ತಿರುಗಿಸಿ ತರುತ್ತಿದ್ದರು. ಕೊನೆಗೆ ಕೇಳಿಯೇಬಿಟ್ಟೆ.

"ಅದು ಬರಲ್ಲ ಮೇಡಮ್ಮ. ಅದು ದೇವ್ರ ಮನೇಲಿ ಅದೆ."

ನಡೆದದ್ದು ಇದು. ಎಸೆದು ಎಸೆದು ಹರಿದ ಹೊದಿಕೆ ತೆಗೆದು, ಸಿಸ್ಟರ್ ಐದಕ್ಕೂ ಒಟ್ಟಿಗೆ ಹೊಸ ಹೊದಿಕೆ ಹಾಕಿ, ಅರಿಸಿನ ಹಚ್ಚಿ, ಆರಲೆಂದು ಪಡಸಾಲೆಯಲ್ಲಿ ಇಟ್ಟಿದ್ದರಂತೆ. ಅವರ ಅತ್ತೆ ಅದರಲ್ಲೊಂದನ್ನು ಎತ್ತಿಕೊಂಡು ಹೋಗಿ ದೇವರ ಪಟದ ಮುಂದೆ ಇಟ್ಟು ಹೂ ಏರಿಸಿಬಿಟ್ಟಿದ್ದಾರೆ. ಅಂದಿನಿಂದ ಅದಕ್ಕೆ ದಿನಾ ವಿಭೂತಿ, ದಿನಾ ಊದುಬತ್ತಿ. ಅತ್ತೆಗೆ ಅಕ್ಷರ ಬಾರದು. ಅದು ರಾಕೆಟ್ಟಿನ ಕಥೆ ಎಂದು ಹೇಳುವ ಧೈರ್ಯ ಸೊಸೆಗಿಲ್ಲ.

"ಪೂಜೆಗಿಟ್ಟಿದ್ದ ತಗ್ದು ಬಸ್ಸಿಗೆ ಬಿಸಾಕ್ತೀನಿ ಅಂದ್ರೆ ನನ್ನೇ ಬಿಸಾಕ್ತದೆ ನಮ್ಮತ್ತೆ."

ನನಗೆ ಊಟ ಸೇರಲಿಲ್ಲ. ಇಷ್ಟು ವರ್ಷದ ಮೇಲೆ ಒಂದು ಪುಸ್ತಕ ನನ್ನ ಕೈ ಹಿಡಿದು ಎಳೆದಿದೆ, ಅದರ ಕೊನೆ ಊದುಬತ್ತಿಯ ಹೊಗೆಯಲ್ಲಿ ಕೂತಿದೆ. ಈ ಕೊನೆ ಸಿಗದಿದ್ದರೆ ಮತ್ತೆ ಓದು ಕೈಬಿಟ್ಟು ಹೋಗುತ್ತದೆ, ಮತ್ತೆ ಕೆಂಪು ಪೆನ್ನೇ ಗತಿ ಎಂಬ ಹೆದರಿಕೆ ನನಗೆ ನಿಜವಾಗಿಯೂ ಹತ್ತಿತ್ತು. ಮೈಸೂರಿನಲ್ಲಿ ಹುಡುಕಿಸಿದೆ. ಅಂಗಡಿಯವರು ಅಚ್ಚು ಮುಗಿದು ಎಷ್ಟೋ ಕಾಲವಾಯಿತು ಅಂದರು. "ತಾಯಿ ಬದುಕಿರ್ತಾಳೆ ಅಂತ ನೀನೇ ಅಂದ್ಕೊಂಡುಬಿಡು, ಮುಗೀತಲ್ಲ" ಎಂದು ಯಜಮಾನರು ಪರಿಹಾರ ಹೇಳಿದರು. ಅವರ ಜೊತೆ ಎರಡು ದಿನ ನಾನು ಮಾತು ಬಿಟ್ಟೆ.

ಉಪಾಯ ಹೊಳೆದದ್ದು ನವರಾತ್ರಿಯಲ್ಲಿ. ಸರಸ್ವತಿ ಪೂಜೆಗೆ ಇಟ್ಟ ಪುಸ್ತಕವನ್ನು ವಿಜಯದಶಮಿಯ ದಿನ ಕದಲಿಸಿ, ತೆರೆದು, ಓದಲೇಬೇಕು. ಇದು ಎಲ್ಲರೂ ಒಪ್ಪುವ ಶಾಸ್ತ್ರ. ಅತ್ತೆಯೂ ಒಪ್ಪಬೇಕು. ಓದುವುದಕ್ಕೆ ಅವರಿಗೆ ಬರುವುದಿಲ್ಲ. ಕನ್ನಡ ಟೀಚರ್ ಒಬ್ಬಳು ಬಂದು ಭಕ್ತಿಯಿಂದ ಓದಿಕೊಡುತ್ತಾಳೆ ಅಂದರೆ ಯಾರು ಬೇಡ ಅನ್ನುತ್ತಾರೆ?

"ನೀವ್ ಬಲೇ ಕಿಲಾಡಿ ಕಣ್ ಮೇಡಮ್ಮ," ಅಂದರು ಸಿಸ್ಟರ್. ಆಮೇಲೆ ಮುಖ ಸಣ್ಣದಾಯಿತು. "ಗೊತ್ತಾದ್ರೆ?"

"ಗೊತ್ತಾಗದ ಹಾಗೆ ಓದ್ತೀನಿ. ಮುಡುಕುತೊರೆ ಅಜ್ಜಿಗೆ ಗೊತ್ತಾಯ್ತಾ?"

ವಿಜಯದಶಮಿಯ ಬೆಳಗ್ಗೆ ತಲೆಗೆ ನೀರು ಹಾಕಿಕೊಂಡು, ಮಡಿ ಸೀರೆ ಉಟ್ಟು, ಒಂದು ಮೊಳ ಮಲ್ಲಿಗೆ ಹಿಡಿದು ಹೊರಟೆ. ಸಿಸ್ಟರ್ ಮನೆ ನಂಜನಗೂಡಿನಲ್ಲೇ, ನಮ್ಮ ಮನೆಯಿಂದ ನಾಲ್ಕು ಬೀದಿ ಆಚೆ. ಅತ್ತೆ ಗೋಡೆಗೊರಗಿ ಕೂತಿದ್ದರು. ಹಣೆತುಂಬ ವಿಭೂತಿ, ಒಣಗಿದ ಮೈ, ಹುಡುಗಿಯಾಗಿದ್ದಾಗ ಬದನವಾಳಿನ ಖಾದಿ ಕೇಂದ್ರದಲ್ಲಿ ನೂಲು ತೆಗೆಯುತ್ತಿದ್ದ ಕೈಗಳು ಈಗಲೂ ಸುಮ್ಮನಿರದೆ ಸೆರಗಿನ ಎಳೆಯನ್ನು ಹೊಸೆಯುತ್ತಿದ್ದವು. ನನ್ನನ್ನು ಮೇಲಿನಿಂದ ಕೆಳಗೆ ನೋಡಿ ಮಣೆ ತೋರಿಸಿದರು. ತಾವೇ ಎದ್ದು ದೇವರ ಮನೆಯಿಂದ ಪುಸ್ತಕ ತಂದು ನನ್ನ ಕೈಗಿಟ್ಟರು. ಅದರ ಮೇಲೆ ವಿಭೂತಿ ಒಂದು ಪದರ ಕೂತಿತ್ತು.

ಕಣ್ಣಿಗೊತ್ತಿಕೊಂಡೆ, ಪೂರ್ತಿ ಭಕ್ತಿಯಿಂದಲ್ಲ. ತೆರೆದೆ. ರಾಗ ತೆಗೆದು ಓದತೊಡಗಿದೆ. ನೌಕೆ ಎಂದಿದ್ದಲ್ಲಿ ಪುಷ್ಪಕ ವಿಮಾನ ಅಂದೆ. ಕ್ಯಾಪ್ಟನ್ ಎಂದಿದ್ದಲ್ಲಿ ದೇವಿ ಅಂದೆ. ಇಂಧನದ ಟ್ಯಾಂಕು ಸೋರುತ್ತಿದ್ದಲ್ಲಿ ಅಮೃತದ ಕಲಶ ಸೋರಿತು. ನನ್ನ ಜಾಣತನವನ್ನು ನಾನೇ ಮೆಚ್ಚಿಕೊಳ್ಳುತ್ತಾ ಒಂದು ಪುಟ ಮುಗಿಸಿದೆ. ಬಾಗಿಲ ಬಳಿ ನಿಂತಿದ್ದ ಸಿಸ್ಟರ್ ಬೆವರುತ್ತಿದ್ದರು.

"ಅವ್ವಾ ಮೇಡಮ್ಮ," ಅಂದರು ಅತ್ತೆ. "ಅಲ್ಲಿ ಏನ್ ಬರ್ದದೋ ಅದ ಓದು. ನಿನ್ ಕತೆ ಬ್ಯಾಡ."

ನಾನು ಪುಸ್ತಕದಿಂದ ತಲೆಯೆತ್ತಿದೆ.

"ನಂಗೆ ಅಕ್ಸರ ಬರಲ್ಲ ಕಣವ್ವ, ಕಣ್ಣಂತೂ ಕಾಣ್ತದೆ. ಒಳಗೆ ಚಿತ್ರ ಅದಲ್ಲ, ಬೆಂಕಿ ಉಗುಳ್ಕಂಡ್ ಓಗದು, ಅದ ನಾ ನೋಡಿಲ್ವಾ? ಯಾವ್ ದೇವ್ರು ಅಂಗದೆ?"

"ಮತ್ತೆ ಪೂಜೆ..." ಅಂದರು ಸಿಸ್ಟರ್, ಬಾಗಿಲಿನಿಂದ.

ಅತ್ತೆ ಸೊಸೆಯ ಕಡೆ ತಿರುಗಿದರು. ದನಿ ಏರಿಸಲಿಲ್ಲ.

"ನನ್ ಮಗ ಆಸೆಪಟ್ಟು ತಂದಿದ್ ಪುಸ್ತಕ. ನೀನು ದಿನಾ ಒಯ್ದು ಬಸ್ಸಿಗೆ ಎಸೀತಿದ್ದೆ. ಬ್ಯಾಡ ಅಂತ ನಾ ಎಂಗೇಳಲಿ? ಮಂಡಿನೋವು ನಿಂದು, ದುಡಿದು ತಂದಾಕೋಳು ನೀನು. ಒಂದಾದ್ರೂ ಉಳೀಲಿ ಅಂತ ತಗ್ದು ದೇವ್ರ ಮುಂದೆ ಇಟ್ಟೆ. ಅಲ್ಲಿಗೆ ನೀ ಕೈಯಾಕಲ್ಲ ಅಂತ ಗೊತ್ತಿತ್ತು."

ಸಿಸ್ಟರ್ ಅಡುಗೆಮನೆಗೆ ಹೋದರು. ಪಾತ್ರೆಗಳ ಸದ್ದು ಜೋರಾಗಿ ಕೇಳತೊಡಗಿತು. ಇಡೀ ಬಸ್ಸನ್ನು ಒಂದು ಚಿಟಿಕೆ ಕುಂಕುಮದಿಂದ ಯಾಮಾರಿಸಿದ ಹೆಂಗಸನ್ನು ಈ ಮುದುಕಿ ಅದೇ ಕುಂಕುಮದಿಂದ ಯಾಮಾರಿಸಿತ್ತು. ನನಗೆ ನಗು ಬಂತು.

"ಓದು ಮತ್ತೆ," ಅಂದರು ಅತ್ತೆ. "ಅವ್ನು ಓದ್ತಿದ್ದಾಗ ಒಂದಿನನೂ ಏನ್ಲಾ ಅದು ಅಂತ ಕೇಳ್ಲಿಲ್ಲ ನಾನು. ಈಗ ಕೇಳ್ತೀನಿ."

ಓದಿದೆ, ಈ ಸಲ ಅಲ್ಲಿ ಬರೆದದ್ದನ್ನೇ. ಒಂದು ಅಧ್ಯಾಯ ಮುಗಿಯುತ್ತಿದ್ದಂತೆ ಅತ್ತೆ ಕೈ ಅಡ್ಡ ಹಿಡಿದರು. "ಇವತ್ಗೆ ಸಾಕು. ಬರೋ ಭಾನ್ವಾರ ಬಾ." ಪುಸ್ತಕ ಇಸಕೊಂಡು ಹೋಗಿ ದೇವರ ಮುಂದೆ ಇಟ್ಟುಬಿಟ್ಟರು. ಮನೆಗೆ ಕೊಡಿ ಎಂದು ಕೇಳುವ ಮೊದಲೇ, "ಇದು ಒಸ್ಲು ದಾಟಲ್ಲ" ಅಂದರು. ಸೊಸೆ ಬಸ್ಸಿನಲ್ಲಿ ಓದಿಸಿದಳು, ಅತ್ತೆ ಭಾನುವಾರಕ್ಕೊಂದು ಅಧ್ಯಾಯ ಅಳೆದು ಕೊಟ್ಟಳು. ಆ ಮನೆಯವರ ಕೈಯಲ್ಲಿ ನಾನು ಪಟ್ಟ ಪಾಡು ನನ್ನ ಶತ್ರುವಿಗೂ ಬೇಡ.

ಭಾನುವಾರಗಳು ಹಾಗೇ ನಡೆದವು. ಅತ್ತೆ ಎಲ್ಲವನ್ನೂ ಕೇಳಿ ಬಿಡಿಸಿಕೊಳ್ಳುತ್ತಿದ್ದರು. ನೌಕೆಯಲ್ಲಿ ರಾಗಿ ಬೆಳೆಯುತ್ತದೋ, ಸೂತಕ ಆದರೆ ಏನು ಮಾಡುತ್ತಾರೆ, ಅಷ್ಟು ಜನಕ್ಕೆ ಬಚ್ಚಲು ಎಲ್ಲಿ. ಲೇಖಕರು ಬಚ್ಚಲಿನ ವಿಷಯ ಬರೆದಿಲ್ಲ ಅಂದದ್ದಕ್ಕೆ, "ಗಂಡಸು ಬರ್ದಿರದು" ಅಂದರು. ಅಡುಗೆಮನೆಯ ಪಾತ್ರೆಗಳ ಸದ್ದು ವಾರದಿಂದ ವಾರಕ್ಕೆ ಕಡಿಮೆಯಾಗುತ್ತಿತ್ತು. ಒಮ್ಮೆ ನಾನು ಬೇಕೆಂದೇ ಒಂದು ಸಾಲನ್ನು ಮೆಲುದನಿಯಲ್ಲಿ ಓದಿದೆ. ಒಳಗಿಂದ ಒಗ್ಗರಣೆಯ ಸೌಟು ಹಿಡಿದೇ ಸಿಸ್ಟರ್ ಬಾಗಿಲಿಗೆ ಬಂದು, "ಏನಂದ್ರಿ?" ಅಂದರು. ನಾನು ಅತ್ತೆಯ ಮುಖ ನೋಡಿದೆ, ಅತ್ತೆ ನನ್ನ ಮುಖ ನೋಡಿದರು. ಅದೇ ಸಾಲನ್ನು ಮತ್ತೆ ಗಟ್ಟಿಯಾಗಿ ಓದಿದೆ.

ಅತ್ತೆಗೆ ಹಿಡಿಸದೆ ಹೋದದ್ದು ಒಂದೇ ವಿಷಯ, ಕಾಲದ ಲೆಕ್ಕ. ಬೆಳಕಿನಷ್ಟು ವೇಗವಾಗಿ ಹೋಗುವವರಿಗೆ ಕಾಲ ನಿಧಾನವಾಗಿ ಸಾಗುತ್ತದೆ, ಕ್ಯಾಪ್ಟನ್‌ಗೆ ನಾಲ್ಕು ವರ್ಷ ಕಳೆದರೆ ಊರಿನಲ್ಲಿರುವ ತಾಯಿಗೆ ನಲವತ್ತು ಕಳೆದಿರುತ್ತದೆ ಎಂದು ನಾನು ಎಷ್ಟು ಹೇಳಿದರೂ, "ಅದೆಂಗಾದದು" ಎಂದು ತಲೆ ಅಲ್ಲಾಡಿಸುತ್ತಿದ್ದರು. ಸೀಬೆಹಣ್ಣು ಇಟ್ಟು ತೋರಿಸಿದೆ, ದಾರದ ಉಂಡೆ ಇಟ್ಟು ತೋರಿಸಿದೆ. ನನಗೇ ಸರಿಯಾಗಿ ಗೊತ್ತಿಲ್ಲದ್ದನ್ನು ತೋರಿಸುವುದು ಹೇಗೆ? ಬಿಟ್ಟುಬಿಟ್ಟೆ. ಮುಂದಿನ ವಾರ ಹೋದಾಗ ಅವರೇ ಮಾತು ತೆಗೆದರು.

"ನೀ ಏಳಿದ್ದು ಗೊತ್ತಾಯ್ತು ಕಣವ್ವ. ಓದೋನ್ಗೆ ವಯಸ್ಸಾಗಲ್ಲ, ಉಳಿದೋರ್ಗೆ ಆಯ್ತದೆ. ನನ್ ಮಗನ್ಗೂ ಅಂಗೇ. ಅವ್ನು ನಮ್ಮನ್ ಬಿಟ್ಟು ಓದಾಗ ವಯಸ್ಸು ಎಷ್ಟಿತ್ತೋ ಇವತ್ಗೂ ಅಷ್ಟೇಯ. ನಂಗೆ ಮಾತ್ರ ದಿನಾ ಆಯ್ತಾ ಅದೆ. ಇನ್ನೊಸಿ ದಿನಕ್ಕೆ ಅವ್ನು ನನ್ ಮೊಮ್ಮಗನ ತರ ಆಯ್ತಾನೆ."

ಈ ಮಾತನ್ನು ಯಾರು ಯಾರಿಗೆ ಹೇಳಿದರು ಎಂದು ನನ್ನ ತಲೆ ಕೇಳಲಿಲ್ಲ. ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಅತ್ತುಬಿಟ್ಟೆ. ಅಡುಗೆಮನೆಯಲ್ಲಿ ಯಾವ ಸದ್ದೂ ಇರಲಿಲ್ಲ. "ಅಳೋದ್ ಆಮ್ಯಾಕೆ, ಓದು" ಎಂದು ಮುದುಕಿಯೇ ಗದರಿಸಿದರು.

ಕೊನೆಯ ಅಧ್ಯಾಯದ ಭಾನುವಾರ ಸಿಸ್ಟರ್ ನಾಚಿಕೆ ಬಿಟ್ಟು ಬಂದು ಪಡಸಾಲೆಯಲ್ಲಿ ಕಾಲು ಚಾಚಿ ಕೂತರು, ಸೊಪ್ಪು ಬಿಡಿಸುವ ನೆಪ. ನೌಕೆ ಇಳಿಯಿತು. ಕ್ಯಾಪ್ಟನ್ ತನ್ನ ಊರಿಗೆ ನಡೆದಳು. ಊರು ಬದಲಾಗಿದೆ, ಗುರುತಿನವರು ಯಾರೂ ಇಲ್ಲ, ಮನೆ ಮಾತ್ರ ಅಲ್ಲೇ ಇದೆ. ಹೋದಾಗ ಇದ್ದ ಮುಖವನ್ನೇ ಹೊತ್ತುಕೊಂಡು ಬಾಗಿಲ ಮುಂದೆ ನಿಂತಳು. ತಟ್ಟಿದಳು. ಒಳಗ್ಯಾರೋ ನಿಧಾನವಾಗಿ ನಡೆದು ಬರುವ ಸದ್ದಾಯಿತು, ಚಿಲಕ ಸರಿಯಿತು. ನಾನು ಪುಟ ತಿರುಗಿಸಿದೆ. ಹಿಂದೆ ಬರೀ ಪ್ರಕಾಶಕರ ಜಾಹೀರಾತು ಇತ್ತು.

"ಆಮೇಲೆ?" ಅಂದರು ಸಿಸ್ಟರ್.

"ಮುಗೀತು."

"ಮುಗೀತು ಅಂದ್ರೆ? ಬಾಗ್ಲು ತಗ್ದಿದ್ ಯಾರು?"

"ಬರೆದಿಲ್ಲ."

"ಇವ್ನ್ ಮನೆ ಹಾಳಾಗ," ಎಂದು ಸಿಸ್ಟರ್ ಸೊಪ್ಪಿನ ಕಟ್ಟನ್ನು ನೆಲಕ್ಕೆ ಬಡಿದರು. ನನಗೂ ಮೈ ಉರಿದುಹೋಗಿತ್ತು. ಇದಕ್ಕಾಗಿ ನಾನು ತಲೆಗೆ ನೀರು ಹಾಕಿಕೊಂಡು, ಮಲ್ಲಿಗೆ ಹಿಡಿದು, ತಿಂಗಳುಗಟ್ಟಲೆ ಭಾನುವಾರ ಕಳೆದೆನೇ? ಆ ಲೇಖಕ ಎದುರಿಗಿದ್ದಿದ್ದರೆ ಕೆಂಪು ಪೆನ್ನಿನಲ್ಲಿ ಸೊನ್ನೆ ಹಾಕಿ, ಉತ್ತರ ಅಪೂರ್ಣ ಎಂದು ಬರೆಯುತ್ತಿದ್ದೆ.

ಅತ್ತೆ ಮಾತ್ರ ತಣ್ಣಗೆ ಕೂತಿದ್ದರು.

"ಯಾಕ್ ಬಡ್ಕತಿದ್ದೀರಿ ಇಬ್ರೂ? ಬರಿಯೋದೇನದೆ ಅದ್ರಲ್ಲಿ? ಅವ್ವನೇ ತಗ್ದಿರ್ತಾಳೆ. ಮಗು ಬತ್ತೀನಿ ಅಂತ ಏಳಿ ಓಗಿರೋವಾಗ ಅವ್ಳು ಎಂಗ್ ಸಾಯ್ತಾಳೆ? ಮುಚ್ಚವ್ವ ಪುಸ್ತಕನ."

ಮುಚ್ಚಿದೆ. ಅತ್ತೆ ಅದನ್ನು ತೆಗೆದುಕೊಂಡು ಕಣ್ಣಿಗೊತ್ತಿಕೊಂಡರು. ದೇವರ ಮನೆಯ ಕಡೆ ಎರಡು ಹೆಜ್ಜೆ ಇಟ್ಟವರು ನಿಂತು, ತಿರುಗಿ ಬಂದು, ಸೊಸೆಯ ಮಡಿಲಿಗೆ ಹಾಕಿದರು. "ನಂದಾಯ್ತು. ಇನ್ ನೀನೇ ಇಟ್ಕೊ" ಅಂದರು. ಸಿಸ್ಟರ್ ಅದರ ಮೇಲಿನ ವಿಭೂತಿಯನ್ನು ಸೆರಗಿನಿಂದ ಒರೆಸುತ್ತಾ ಬಹಳ ಹೊತ್ತು ಕೂತಿದ್ದರು.

ಮರುದಿನ ಬೆಳಗ್ಗೆ ಬಸ್ಸು ಮೂಲೆ ತಿರುಗಿತು. ಕರ್ಚೀಫು, ಟವೆಲ್ಲು, ಛತ್ರಿ ಎಲ್ಲ ಹಾರಿದವು. ಸಿಸ್ಟರ್ ಮಾತ್ರ ಪುಸ್ತಕವನ್ನು ಎದೆಗೊತ್ತಿಕೊಂಡು ಅಲ್ಲಾಡದೆ ನಿಂತಿದ್ದರು. "ಎಸೀರಿ ಸಿಸ್ಟರ್" ಅಂದೆ. ಎಸೆಯಲಿಲ್ಲ. ತಮ್ಮ ಊಟದ ಬ್ಯಾಗನ್ನು ನನ್ನ ಕೈಗೆ ಕೊಟ್ಟು, "ನೀವೇ ಒಂದ್ ಕೈ ನೋಡಿ" ಅಂದರು. ನಾನು ಎಸೆದೆ. ದೇವರ ದಯೆ, ಡ್ರೈವರ್ ತಪ್ಪಿಸಿಕೊಂಡ, ಬ್ಯಾಗು ಹೋಗಿ ನಮ್ಮ ಸೀಟಿನ ಮೇಲೇ ಬಿತ್ತು. ನಾವು ಹತ್ತುವಷ್ಟರಲ್ಲಿ ಟವೆಲ್ಲಿನ ದಾಂಡಿಗ ಅದರ ಪಕ್ಕ ಕೂತಾಗಿತ್ತು. ನಾನು ಅವನ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತು, ಮನೆಯಲ್ಲಿ ಮಾತ್ರ ಬರುತ್ತದೆ ಎಂದು ನಮ್ಮ ಯಜಮಾನರು ಹೇಳುತ್ತಿದ್ದ ಜಗಳವನ್ನು ಪೂರ್ತಿ ತೆಗೆದೆ. ಅವನು ಎದ್ದು ಹೋದ.

ಸಿಸ್ಟರ್ ಕಿಟಕಿ ಪಕ್ಕ ಕೂತು ಹೊದಿಕೆ ತೆರೆದರು. ಅದು ಒಂದನೆಯ ಭಾಗ. ಅವರಿಗೆ ನಿದ್ದೆ ಬರಲಿ, ಪುಸ್ತಕ ನನ್ನ ಕೈಗೆ ಬರಲಿ ಎಂದು ನಾನು ಕಾದೆ. ಬಸ್ಸು ಊರು ದಾಟಿತು, ನಿದ್ದೆ ಬರಲಿಲ್ಲ. ಬೆರಳು ಸಾಲಿನ ಕೆಳಗೆ ಓಡಿಸುತ್ತಾ, ತುಟಿ ಅಲ್ಲಾಡಿಸುತ್ತಾ ಓದುತ್ತಿದ್ದರು. ಒಂದು ಕಡೆ ತಾವೇ ನಕ್ಕರು.

"ಏನಂತೆ ಸಿಸ್ಟರ್?"

"ಸುಮ್ನಿರಿ ಮೇಡಮ್ಮ. ನಮ್ಮೆಜಮಾನ್ರ ಜೊತೆ ಇದ್ದೀನಿ."

 ಆ ಸಂಜೆ ಸ್ಕೂಲು ಬಿಟ್ಟ ಮೇಲೆ ನೇರ ಬಸ್‌ಸ್ಟ್ಯಾಂಡಿಗೆ ಹೋಗದೆ, ನರಸೀಪುರದ ಲೈಬ್ರರಿಗೆ ಹೋಗಿ ಸದಸ್ಯಳಾದೆ.